ಆಯದ ಡಾಕ್ಟರು

ಕಳೆದ ತಿಂಗಳು ರೇಶನ್ ಕಾರ್ಡಿನ ಗುಮಾಸ್ತ, ಒಂದೇ ಅಂಗಳದ ಸುತ್ತ ಹತ್ತಾರು ಬಿಡಾರವಿರುವ ನಮ್ಮ ವಾಡೆಗೆ ಬಂದಿದ್ದ. ಒಂದೊಂದೇ ಬಾಗಿಲಲ್ಲಿ ನಿಂತು, ಮನೆಯಲ್ಲಿ ತಲೆ ಎಷ್ಟು ಎಂದು ಮರಾಠಿಯಲ್ಲಿ ಕೇಳಿ ಬರೆದುಕೊಳ್ಳುತ್ತ ಬಂದ. ನಾನು ಮಿಲಿಟರಿ ಲೆಕ್ಕಪತ್ರದ ಕಚೇರಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. ಎಣಿಸುವುದು ನನಗೆ ಹೊಸದಲ್ಲ. ಆದರೂ ಅವನ ಪ್ರಶ್ನೆಗೆ ನನ್ನ ಬಾಯಿ ಕಟ್ಟಿತು. ಹೆಂಡತಿ ಒಳಗಿಂದ ಬಂದು ಲೆಕ್ಕ ಹೇಳಿ ಅವನನ್ನು ಕಳಿಸಿದಳು. ನಮ್ಮ ಡಾಕ್ಟರು ತೀರಿಕೊಂಡು ಅಂದಿಗೆ ಒಂಬತ್ತು ದಿನವಾಗಿತ್ತು.

ಅವರ ಹೆಸರು ಹೇಳುವುದಿಲ್ಲ. ಅವರೇ ದವಾಖಾನೆಗೆ ಹೆಸರಿನ ಹಲಗೆ ಹಾಕಿದವರಲ್ಲ. ನವಲಗುಂದದ ಕಡೆಯವರು, ಮುಂಬಯಿಯಲ್ಲಿ ವೈದ್ಯ ಕಲಿತು, ಪುಣೆಗೆ ಯಾರನ್ನೋ ನೋಡಲು ಬಂದು ಇಲ್ಲೇ ಉಳಿದುಬಿಟ್ಟರು. ಗಿಡ್ಡ ಆಳು, ದೊಡ್ಡ ಕಿವಿ, ಮೊಣಕೈ ಸವೆದ ಕರಿ ಕೋಟು. ಯಾರ ಮನೆಗೆ ಕಾಲಿಟ್ಟರೂ ರೋಗಿಯ ಹತ್ತಿರ ಮೊದಲು ಹೋಗುತ್ತಿರಲಿಲ್ಲ. ನೆಟ್ಟಗೆ ನೀರಿನ ಹಂಡೆಯ ಹತ್ತಿರ ಹೋಗಿ ಮುಚ್ಚಳ ಎತ್ತಿ ನೋಡುವರು. ಆಮೇಲೆ ಕಿಟಕಿ ತೆರೆಯುವರು. ಅದಾದ ಮೇಲೆ ನಾಡಿ. ಮಡಿ ನೀರನ್ನು ಮುಟ್ಟಿಬಿಟ್ಟಾರು ಎಂದು ವಾಡೆಯ ಹೆಂಗಸರು ಅವರು ಬರುವುದು ಕಂಡರೆ ಓಡಿಹೋಗಿ ತಾವೇ ಮುಚ್ಚಳ ಎತ್ತಿ ನಿಲ್ಲುತ್ತಿದ್ದರು. ಬೆನ್ನ ಹಿಂದೆ ಅವರಿಗೆ ಮುಚ್ಚಳದ ಡಾಕ್ಟರು ಎಂಬ ಹೆಸರಿತ್ತು. ಅದು ಅವರಿಗೂ ಗೊತ್ತಿತ್ತು.

ಮೊದಮೊದಲು ಅವರೂ ಎಲ್ಲ ಡಾಕ್ಟರರಂತೆ ಒಂದು ಭೆಟ್ಟಿಗೆ ಇಷ್ಟು ಎಂದು ತೆಗೆದುಕೊಳ್ಳುತ್ತಿದ್ದರು. ಆ ಪದ್ಧತಿಯ ಮೇಲೆ ಅವರ ಮನಸ್ಸು ಮುರಿದದ್ದು ನಮ್ಮ ವಾಡೆಯಲ್ಲೇ. ಕೆಳಗಿನ ಮೂಲೆಯ ಖೋಲಿಯಲ್ಲಿ ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸುವವನೊಬ್ಬನಿದ್ದ, ಬೆಳಗಾವಿಯ ಕಡೆಯವನು. ಅವನ ಆರು ವರ್ಷದ ಮಗಳಿಗೆ ಗಂಟಲು ಬಾತು ಉಸಿರು ಕಟ್ಟತೊಡಗಿತು. ಪಗಾರಕ್ಕೆ ಇನ್ನೂ ಮೂರು ದಿನವಿತ್ತು. ಮೂರು ದಿನ ಅವನು ಉಪ್ಪುನೀರು, ಅರಿಸಿನ, ಅಂಗಾರ ಎಂದು ತಳ್ಳಿದ. ಪಗಾರ ಕೈಗೆ ಬಂದ ದಿನ ಡಾಕ್ಟರನ್ನು ಕರೆದ. ಅವರು ಬಂದು ಹಂಡೆಯನ್ನೂ ನೋಡಲಿಲ್ಲ, ಕಿಟಕಿಯನ್ನೂ ತೆರೆಯಲಿಲ್ಲ. ಹುಡುಗಿಯ ಕಣ್ಣು ಮುಚ್ಚಿ ಹೊರಗೆ ಬಂದು ಅಂಗಳದ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತರು. ಕೈಯಲ್ಲಿ ರೂಪಾಯಿ ಹಿಡಿದುಕೊಂಡು ತಂದೆ ಎದುರಿಗೆ ನಿಂತಿದ್ದ. ಎಷ್ಟು ಹೇಳಿದರೂ ಅದನ್ನು ಒಳಗಿಡಲು ಆ ಮನುಷ್ಯನಿಗೆ ತಿಳಿಯದು.

ಮುಂದಿನ ಭಾನುವಾರ ಡಾಕ್ಟರು ವಾಡೆಯ ಗಂಡಸರನ್ನೆಲ್ಲ ಅದೇ ಕಟ್ಟೆಯ ಹತ್ತಿರ ಕೂಡಿಸಿದರು.

"ನೀವು ಬ್ಯಾನಿ ಬಿದ್ದರ ನನಗ ರೊಕ್ಕ ಬರ್ತದ, ನೀವು ನೆಟ್ಟಗಿದ್ದರ ನಾ ಉಪಾಸ. ಇದು ತಲಿಕೆಳಗ ಆಗೇದ," ಎಂದರು. "ನಮ್ಮ ಊರಾಗ ಬಡಿಗ್ಯಾಗ ಸುಗ್ಗಿಯೊಳಗ ಆಯ ಕೊಡ್ತಾರ. ಆ ವರ್ಷ ಕೂರಿಗಿ ಮುರೀಲಿ ಬಿಡಲಿ, ಕಣದಾಗ ಅವನ ಪಾಲಿನ ಜೋಳ ಅವಗ ಹೋಗ್ತದ. ಅದಕ್ಕ ಅವ ಕೂರಿಗಿ ಮುರೀದಂಗ ಗಟ್ಟಿ ಮಾಡ್ತಾನ. ನಾನೂ ನಿಮ್ಮ ಆಯಗಾರ ಆಗ್ತೀನಿ."

ಅಂದರೆ ದೀಪಾವಳಿಗೊಮ್ಮೆ ತಲೆಗೆ ಎರಡು ರೂಪಾಯಿ. ಆಮೇಲೆ ವರ್ಷವಿಡೀ ಎಷ್ಟು ಸಲ ಕರೆದರೂ ಸರಿ, ಒಂದು ಸಲವೂ ಕರೆಯದಿದ್ದರೂ ಸರಿ, ಔಷಧ ಸಹಿತ ಅಷ್ಟೇ. ನಮ್ಮ ಕಡೆಯ ಜನಕ್ಕೆ ಇದು ತಕ್ಷಣ ತಿಳಿಯಿತು. ಮರಾಠಿ ಬಿಡಾರದವರಿಗೂ ಊರಿನ ಪದ್ಧತಿ ಗೊತ್ತಿದ್ದದ್ದೇ, ಅವರೂ ಹೂಂ ಎಂದರು. ಯಾರ ಮನೆಯಲ್ಲಿ ಎಷ್ಟು ತಲೆ ಎಂಬ ಯಾದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಯ ಗುಮಾಸ್ತ, ಅಕ್ಷರ ದುಂಡಗಿದೆ ಎಂದು.

ನಾನು ಯಾದಿ ಬರೆದ ರೀತಿ ಹೇಳಿಬಿಡುತ್ತೇನೆ. ನಮ್ಮಂಥ ಮನೆಗಳಲ್ಲಿ ಜನರನ್ನು ಎಣಿಸುವುದು ಊಟದ ಪಂಕ್ತಿಯಿಂದ. ಎಷ್ಟು ಮಂದಿ ಎಂದು ಕೇಳಿದರೆ ಕಣ್ಣ ಮುಂದೆ ಬರುವುದು ಸಾಲಾಗಿ ಹಾಕಿದ ತಾಟು. ನಾನೂ ಮನೆಮನೆಗೆ ಹೋಗಿ ತಾಟನ್ನೇ ಕೇಳಿದೆ, ಅವರೂ ತಾಟನ್ನೇ ಹೇಳಿದರು. ನನ್ನ ಮನೆಯ ಎದುರಿಗೆ ನಾಲ್ಕು ಎಂದು ಬರೆದೆ: ನಾನು, ಹೆಂಡತಿ, ಎರಡು ಮಕ್ಕಳು. ನಮ್ಮ ಮನೆಯಲ್ಲಿ ಐದನೆಯವಳಿದ್ದಳು. ನನ್ನ ತಂದೆಯ ಅಕ್ಕ, ನಮ್ಮ ಅತ್ಯಾ, ಹನ್ನೆರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಲೆ ತೆಗೆಸಿಕೊಂಡು ಕೆಂಪು ಸೀರೆ ಉಟ್ಟವಳು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಅವಳೇ. ನನಗೆ ನೌಕರಿ ಸಿಕ್ಕಾಗ ಒಂದು ಗಂಟು ಹೊತ್ತುಕೊಂಡು ನನ್ನ ಹಿಂದೆಯೇ ಪುಣೆಗೆ ಬಂದಳು. ಅತ್ಯಾ ಪಂಕ್ತಿಯಲ್ಲಿ ಕೂರುವವಳಲ್ಲ. ಎಲ್ಲರಿಗೂ ಬಡಿಸಿ, ಎಲ್ಲರದೂ ಆದ ಮೇಲೆ, ದಿನಕ್ಕೊಂದೇ ಸಲ, ಒಳಗಿನ ಕತ್ತಲೆಯಲ್ಲಿ ತನ್ನದನ್ನು ತಿನ್ನುವವಳು. ಅವಳ ತಾಟನ್ನು ನಾನು ನೋಡಿದ್ದೇ ಇಲ್ಲ.

ಎರಡು ರೂಪಾಯಿಯ ಆಸೆಗೆ ಬಿಟ್ಟೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಅದಾಗಿದ್ದರೆ ಎಷ್ಟೋ ಮೇಲಾಗಿತ್ತು. ಆಸೆಯಿದ್ದರೆ ಒಂದು ಸಲವಾದರೂ ಅವಳ ನೆನಪು ಬಂದಿರಬೇಕಲ್ಲ.

ಮೊದಲ ಎರಡು ವರ್ಷ ಡಾಕ್ಟರು ಮಾಡಿದ ಕೆಲಸ ಯಾವ ದೊಡ್ಡ ದವಾಖಾನೆಯೂ ಮಾಡಲಾರದು. ಜನ ನೆಗಡಿಯಾದಾಗಲೇ ಬರತೊಡಗಿದರು, ಹಾಗಾಗಿ ನೆಗಡಿ ಎದೆಗೆ ಇಳಿಯುವ ಮೊದಲೇ ಹಿಡಿಯಲಿಕ್ಕೆ ಸಿಗುತ್ತಿತ್ತು. ತೊಟ್ಟಿಯ ನೀರನ್ನು ತೆಗೆಸಿ ತಳ ತಿಕ್ಕಿಸಿದರು. ವಾಡೆಯ ಯಜಮಾನನಿಗೆ ಇದು ಸೇರಲಿಲ್ಲ, ತೊಟ್ಟಿ ತನ್ನ ಅಜ್ಜನ ಕಾಲದ್ದು ಎಂದು ಜಗಳಕ್ಕೆ ಬಂದ. ಡಾಕ್ಟರು ತಳದಿಂದ ಎತ್ತಿದ ಸತ್ತ ಹೆಗ್ಗಣವನ್ನು ಬಾಲ ಹಿಡಿದು ಅವನ ಮುಂದೆ ತೂಗಿಸಿ, ಇದೂ ನಿಮ್ಮ ಅಜ್ಜನ ಕಾಲದ್ದೇ ಇರಬೇಕಲ್ಲವೇ ಎಂದು ಶುದ್ಧ ಮರಾಠಿಯಲ್ಲಿ ವಿನಯದಿಂದ ಕೇಳಿದರು. ಆ ಮಳೆಗಾಲ ನಮ್ಮ ವಾಡೆಯಲ್ಲಿ ವಾಂತಿಭೇದಿಯಿಂದ ಯಾರೂ ಮಲಗಲಿಲ್ಲ. ರೋಗಿಯೇ ಇಲ್ಲದ ದಿನವೂ ಅವರು ಬಂದು ಕಟ್ಟೆಯ ಮೇಲೆ ಕೂತು ಮಕ್ಕಳ ಉಗುರು ನೋಡುತ್ತಿದ್ದರು. ನೀವು ಗಟ್ಟಿಯಿದ್ದರೆ ನನಗೆ ನಿದ್ದೆ ಎನ್ನುತ್ತಿದ್ದರು.

ಆಮೇಲೆ ಕೆಟ್ಟಿತು. ಕೆಡಿಸಿದವರು ಮೊದಲು ನಾವೇ. ಮೇಲಿನ ಮಾಳಿಗೆಯಲ್ಲಿ ಒಬ್ಬ ನಿವೃತ್ತ ಶಿರಸ್ತೇದಾರರಿದ್ದರು. ಕೊಟ್ಟ ಎರಡು ರೂಪಾಯಿ ವಸೂಲಾಗಬೇಕೆಂದು ದಿನಾ ಬೆಳಗ್ಗೆ ನಾಡಿ ತೋರಿಸುತ್ತಿದ್ದರು. ತೇಗು ಬಂದರೂ ಆಳು ಕಳಿಸುವರು. ಇನ್ನೊಬ್ಬ, ಊರಿಂದ ಬಂದ ತನ್ನ ಭಾವಮೈದುನನನ್ನು ಕಂಬಳಿ ಹೊದಿಸಿ ತನ್ನ ಹೆಸರಲ್ಲೇ ಮಲಗಿಸಿದ. ಡಾಕ್ಟರು ಹೊರಗೆ ಚಾಚಿದ ಕಾಲು ನೋಡಿ, ಒಂದು ವಾರದಲ್ಲಿ ಎರಡು ಇಂಚು ಉದ್ದವಾಗಿದೆಯಲ್ಲ, ಇದು ಯಾವ ಬೇನೆ ಎಂದು ಕೇಳಿ, ಔಷಧವನ್ನೂ ಕೊಟ್ಟು ಹೋದರು. ನಾವು ನಕ್ಕೆವು. ಆ ಔಷಧ ಎಲ್ಲಿಂದ ಬಂತು ಎಂದು ಯಾರೂ ಯೋಚಿಸಲಿಲ್ಲ.

ಅದು ಅವರ ಜೇಬಿನಿಂದಲೇ ಬರಬೇಕಿತ್ತು. ದುಡ್ಡು ದೀಪಾವಳಿಗೇ ಬಂದು ಮುಗಿದಿರುತ್ತಿತ್ತು. ಆಮೇಲೆ ಬಾಗಿಲಿಗೆ ಬಂದ ಪ್ರತಿಯೊಬ್ಬ ರೋಗಿಯೂ ಖರ್ಚೇ. ಒಂದು ವರ್ಷ ಮಳೆ ಬಿಡದೆ ಹಿಡಿದು ಮನೆಮನೆಯಲ್ಲೂ ಜ್ವರ ಬಂತು. ಆ ಖರ್ಚು ತುಂಬಿಕೊಳ್ಳಲು ಅವರು ಇನ್ನೆರಡು ವಾಡೆಗಳನ್ನು ಹಿಡಿದರು. ಅವುಗಳ ಖರ್ಚಿಗೆ ಮತ್ತೆ ನಾಲ್ಕು. ಸೈಕಲ್ಲು ಬಂತು. ಕಟ್ಟೆಯ ಮೇಲೆ ಕೂರುವುದು ನಿಂತಿತು. ಎಲ್ಲರ ಬಾಟಲಿಗೂ ಅದೇ ಗುಲಾಬಿ ಬಣ್ಣದ ಮಿಕ್ಸ್ಚರು ಬೀಳತೊಡಗಿತು. ಮುಚ್ಚಳ ಎತ್ತುವುದನ್ನು ಮಾತ್ರ ಬಿಟ್ಟಿರಲಿಲ್ಲ, ಆದರೆ ಎತ್ತಿದ ಕೈಯಲ್ಲೇ ಮುಚ್ಚಿ ಹೋಗುತ್ತಿದ್ದರು. ಒಳಗೆ ನೋಡುತ್ತಿದ್ದರೋ ಇಲ್ಲವೋ. ಮೊದಲು ರೋಗಿ ಹೇಳಿ ಮುಗಿಸಿದ ಮೇಲೂ, ಮತ್ತೇನು, ಮತ್ತೇನು ಎಂದು ಕೇಳುತ್ತಿದ್ದವರು ಈಗ ಆ ಮಾತನ್ನೇ ಬಿಟ್ಟಿದ್ದರು.

ಎರಡನೆಯ ವರ್ಷದ ಯಾದಿ ಕೊಟ್ಟಾಗ ಅವರು ನನ್ನ ಹೆಸರಿನ ಮೇಲೆ ಬೆರಳಿಟ್ಟು, ಒಳಗಿನವರು ಎಂದು ಅರ್ಧ ಪ್ರಶ್ನೆ ಕೇಳಿದ್ದುಂಟು. ಆಗಲೇ ನನಗೆ ಅತ್ಯಾನ ನೆನಪಾದದ್ದು. ತಪ್ಪಾಯಿತು, ಐದು ಬರೆಯಿರಿ ಎಂದಿದ್ದರೆ ಮುಗಿಯುತ್ತಿತ್ತು. ಯಾದಿ ಬರೆದವನೇ ಸ್ವಂತ ಮನೆಯ ತಲೆ ಬಿಟ್ಟ ಎಂದಾರೆಂಬ ನಾಚಿಕೆ ಬಂತು. ಅವರು ಮಡಿಯವರು, ಬಾಟಲಿ ಔಷಧ ಕುಡಿಯುವವರಲ್ಲ ಎಂದುಬಿಟ್ಟೆ. ಹಾಗೆ ಹೇಳುವ ಹೆಂಗಸರು ಆ ಕಾಲದಲ್ಲಿ ಬೇಕಾದಷ್ಟು ಇದ್ದರು. ಡಾಕ್ಟರು ತಲೆಯಾಡಿಸಿ ಬೆರಳು ತೆಗೆದರು.

ಅತ್ಯಾ ಬೆಳಗಿನ ಜಾವ ಒದ್ದೆ ಸೀರೆಯಲ್ಲೇ ತೊಟ್ಟಿಯಿಂದ ಮಡಿನೀರು ತರುವವಳು. ಯಾದಿಯ ನಾಲ್ಕನೆಯ ವರ್ಷ, ಶ್ರಾವಣದಲ್ಲಿ, ತೊಟ್ಟಿಯ ಮೆಟ್ಟಿಲಿಗೆ ಎಡವಿ ಅವಳ ಕಾಲಿನ ಹೆಬ್ಬೆರಳು ಒಡೆಯಿತು. ಹಳೆಯ ಸೀರೆಯ ಚಿಂದಿ ಸುತ್ತಿಕೊಂಡಳು. ದಸರೆ ಕಳೆಯಿತು, ದೀಪಾವಳಿ ಕಳೆಯಿತು, ಚಿಂದಿ ಹಾಗೇ ಇತ್ತು. ಏನು ಕಾಲಿಗೆ ಎಂದು ಒಂದೆರಡು ಸಲ ಕೇಳಿದೆ. ಮಾಯ್ತದ ಬಿಡೋ ಎಂದಳು, ನಾನೂ ಬಿಟ್ಟೆ. ಅದೇ ತಿಂಗಳುಗಳಲ್ಲಿ ನನ್ನ ಕಿರಿಯ ಮಗನ ಕಿವಿ ಸೋರುತ್ತಿತ್ತೆಂದು ಡಾಕ್ಟರು ವಾರಕ್ಕೆ ಎರಡು ಸಲ ಮನೆಗೆ ಬರುತ್ತಿದ್ದರು. ಅವರ ಕೈತೊಳೆಯುವ ನೀರನ್ನು ತಂಬಿಗೆಯಲ್ಲಿ ತಂದು ದೂರದಲ್ಲಿಟ್ಟು ಹೋಗುತ್ತಿದ್ದವಳು ಅತ್ಯಾ. ಕುಂಟುತ್ತ ಬಂದು, ಕುಂಟುತ್ತ ಹೋಗುತ್ತಿದ್ದಳು.

ಸಂಕ್ರಾಂತಿಯ ಹಿಂದಿನ ದಿನ ಅವಳು ಒಲೆಯ ಮುಂದೆ ಕುಸಿದಳು. ನಾನು ಓಡಿದೆ. ಡಾಕ್ಟರು ದವಾಖಾನೆಯಲ್ಲಿ ಕೂತ ಜನರನ್ನು ಹಾಗೇ ಬಿಟ್ಟು, ನನಗಿಂತ ಮೊದಲು ಮನೆ ಮುಟ್ಟಿದರು. ಚಿಂದಿ ಬಿಚ್ಚಿದರು. ಎರಡು ಬೆರಳು ಇದ್ದಲಿನಂತೆ ಕಪ್ಪಾಗಿದ್ದವು, ಕಪ್ಪು ಕಾಲಿನ ಹರಡಿನ ತನಕ ಏರಿತ್ತು. ನಾತಕ್ಕೆ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಧುಮೇಹದ ಹುಣ್ಣು ಇದು, ಶುರುವಿನಲ್ಲೇ ತೊಳೆದು ಕಟ್ಟುತ್ತ ಬಂದಿದ್ದರೆ ಇಲ್ಲಿಗೆ ಮುಟ್ಟುತ್ತಿರಲಿಲ್ಲ ಎಂದು ಡಾಕ್ಟರು ನನ್ನ ಮುಖ ನೋಡದೆ ಹೇಳಿದರು. ಟಾಂಗಾ ತರಿಸಿ ತಾವೇ ಅವಳನ್ನು ಎತ್ತಿ ಕೂಡಿಸಿದರು. ಸರಕಾರಿ ದವಾಖಾನೆಯಲ್ಲಿ ಜಾಗ ಹಿಡಿಯಬೇಕೆಂದು ಸೈಕಲ್ಲಿನ ಮೇಲೆ ಮುಂದೆ ಹೋದರು.

ಟಾಂಗಾದಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಜ್ವರದಲ್ಲೂ ಅವಳ ಮಾತು ಸ್ಪಷ್ಟವಿತ್ತು.

"ಡಾಕ್ಟರಗ ತೋರಸಬೇಕಂತ ಭಾಳ ಸಲ ಬಾಗಲ ತನಕಾ ಬಂದೆನೋ. ಯಾದ್ಯಾಗ ನನ್ನ ಹೆಸರಿಲ್ಲಂತ ಗೊತ್ತಿತ್ತು. ತೋರಿಸಿದ್ರ ನಿನ್ನ ಮಾತು ಸುಳ್ಳಾಗ್ತಿತ್ತಲ್ಲ."

ನಾನು ಡಾಕ್ಟರಿಗೆ ಹೇಳಿದ ಆ ಮಾತನ್ನು ಅವಳು ಒಳಗಿನ ಕೋಣೆಯಿಂದ ಕೇಳಿದ್ದಳು. ಆ ಸುಳ್ಳನ್ನು ಅಷ್ಟು ವರ್ಷ ನನಗಾಗಿ ಕಾಯ್ದಿದ್ದಳು. ಕಾಲು ಕತ್ತರಿಸಬೇಕೆಂದು ಅಲ್ಲಿಯ ಸರ್ಜನರು ತೀರ್ಮಾನಿಸುವ ಹೊತ್ತಿಗೆ ಅವಳಿಗೆ ಎಚ್ಚರವೇ ಇರಲಿಲ್ಲ. ಮೂರನೆಯ ದಿನ ಹೋದಳು.

ಹದಿಮೂರು ದಿನ ಮುಗಿದ ಮೇಲೆ ಡಾಕ್ಟರು ಮನೆಗೆ ಬಂದರು. ಹಂಡೆಯ ಕಡೆ ಹೋಗದೆ ಹೊಸ್ತಿಲ ಹತ್ತಿರವೇ ಕೂತರು. ನಾನು ಅವರನ್ನು ಬೈಯಬೇಕೆಂದಿದ್ದೆ. ಅಷ್ಟು ಸಲ ಕುಂಟುವುದನ್ನು ಕಂಡೂ ಕೇಳಲಿಲ್ಲವಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರೇ ಶುರುಮಾಡಿದರು.

"ನಾ ನೋಡಿದ್ದೆ, ತಮ್ಮಾ. ದೀಪಾವಳಿಕಿಂತ ಮೊದಲ ನೋಡಿದ್ದೆ. ಕೇಳಿದ್ರ ಬಿಚ್ಚಿ ನೋಡಬೇಕಾಗ್ತಿತ್ತು. ನೋಡಿದ್ರ ದಿನಾ ಬಂದು ಕಟ್ಟಬೇಕಾಗ್ತಿತ್ತು. ಯಾದಿಯೊಳಗಿದ್ದ ಮಂದೀನ ನನಗ ಮುಗೀತಿದ್ದಿಲ್ಲ. ಹಿಂಗಾಗಿ ಕಣ್ಣು ಬ್ಯಾರೆ ಕಡೆ ಮಾಡಿದೆ."

ಇಷ್ಟು ಬೆತ್ತಲೆಯಾಗಿ ಒಬ್ಬ ಗಂಡಸು ತನ್ನ ತಪ್ಪು ಹೇಳುವುದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಆಮೇಲೆ ಅವರು ಒಂದು ಪ್ರಶ್ನೆ ಕೇಳಿದರು. ತಾವು ಕೇಳಿದ್ದರೆ ಅತ್ಯಾ ಕಾಲು ತೋರಿಸುತ್ತಿದ್ದರೇನು ಎಂದು. ಕೇಳುವಾಗ ಅವರ ಕೈ ಕೋಟಿನ ಗುಂಡಿಯನ್ನು ತಿರುವುತ್ತಿತ್ತು.

ಇಲ್ಲರಿ, ತೋರಿಸುತ್ತಿರಲಿಲ್ಲ ಎಂದೆ. ಡಾಕ್ಟರ ಕೈ ಮುಟ್ಟಿಸಿಕೊಳ್ಳುವುದಿಲ್ಲ ಎಂದು ದೇವರ ಮುಂದೆ ಆಣೆ ಇಟ್ಟಿದ್ದಳು ಎಂದೂ ಸೇರಿಸಿದೆ. ಅವರಿಗೆ ಸಮಾಧಾನವಾಗಲಿ ಎಂದು ಹೇಳಿದೆನೆಂದು ಆ ದಿನ ನಂಬಿಕೊಂಡೆ. ನಿಜವೆಂದರೆ ನನ್ನ ಹಳೆಯ ಸುಳ್ಳಿಗೆ ಸತ್ತವಳ ಸಾಕ್ಷಿ ಹಾಕಿಕೊಂಡೆ. ಅವರು ಹಂಗಾರ ಸರಿ ಎಂದು ಎದ್ದುಹೋದರು.

ಆ ವರ್ಷ ಅವರು ದೀಪಾವಳಿಗೆ ಬಂದ ದುಡ್ಡನ್ನು ಹಿಂದಿರುಗಿಸಿ ಆಯವನ್ನು ನಿಲ್ಲಿಸಿದರು. ತಲೆ ಎಣಿಸಿ ದುಡ್ಡು ತೆಗೆದುಕೊಂಡರೆ ಎಣಿಕೆಯಲ್ಲಿಲ್ಲದವರು ಕಣ್ಣಿಗೆ ಬೀಳುವುದಿಲ್ಲ, ಎಣಿಕೆಯಲ್ಲಿದ್ದವರು ಭಾರವೆನಿಸುತ್ತಾರೆ ಎಂದು ಎಲ್ಲ ಏಳು ವಾಡೆಗಳಿಗೂ ಹೋಗಿ ಬಾಯಿಬಿಟ್ಟು ಹೇಳಿ ಬಂದರು. ಮತ್ತೆ ಭೆಟ್ಟಿಗೆ ಇಷ್ಟು ಎಂಬ ಪದ್ಧತಿ ಬಂತು. ಶಿರಸ್ತೇದಾರರ ತೇಗು ಅಂದೇ ಗುಣವಾಯಿತು. ದವಾಖಾನೆಯಲ್ಲಿ ಗದ್ದಲವಿಲ್ಲ, ಡಾಕ್ಟರಿಗೆ ಕೂತು ಕೇಳಲು ಹೊತ್ತಿತ್ತು, ಔಷಧಗಳ ಬಣ್ಣ ಬೇರೆಬೇರೆಯಾಯಿತು. ಕೈಗೂ ನಾಲ್ಕು ಕಾಸು ಹತ್ತಿತು. ಬೇಸಿಗೆಯ ಕೊನೆಗೆ ಪಕ್ಕದ ವಾಡೆಯಲ್ಲಿ ಒಬ್ಬ ಕಚೇರಿ ಪಟ್ಟೇವಾಲನ ಹೆಂಡತಿ ಬಾಣಂತಿ ಜ್ವರದಲ್ಲಿ ಐದು ದಿನ ನರಳಿ ಸತ್ತಳು. ಹಿಂದಿನ ವರ್ಷ ಅದೇ ಹೆಂಗಸು ತಲೆನೋವಿಗೂ ಬಾಟಲಿ ಹಿಡಿದುಕೊಂಡು ಬರುತ್ತಿದ್ದಳು. ಈ ಸಲ ದುಡ್ಡಿಗಾಗಿ ಕಾದಿದ್ದರು.

ಆ ಹೆಣದ ಹಿಂದೆ ನಡೆದು ಬಂದ ಸಂಜೆ ಅವರು ನನಗೆ ಹೇಳಿದ ಮಾತು ನೆನಪಿದೆ.

"ಎರಡೂ ರೀತಿಯೊಳಗ ಹೆಣಾ ಬೀಳ್ತಾವ. ಈ ಭೆಟ್ಟಿಯ ರೊಕ್ಕದೊಳಗ ನಾ ಕಾಣದಲ್ಲೆ ಬೀಳ್ತಾವ, ಆಯದೊಳಗ ನನ್ನ ಕಣ್ಣಮುಂದ. ಕಣ್ಣಮುಂದ ಬಿದ್ದರ ನನಗ ನಾಚಿಕೆರ ಆಗ್ತದ."

ದೀಪಾವಳಿಗೆ ಆಯ ಮತ್ತೆ ಶುರುವಾಯಿತು, ಏಳಕ್ಕೆ ಬದಲು ನಮ್ಮದೂ ಸೇರಿ ಎರಡೇ ವಾಡೆಗೆ. ಬಾಕಿ ಐದು ವಾಡೆಯವರು ಬೈದರು, ಅವರು ಬೈಯಬೇಕಾದದ್ದೇ. ಈ ಸಲ ಯಾದಿಯನ್ನು ನನಗೆ ಕೊಡಲಿಲ್ಲ. ತಾವೇ ಮನೆಮನೆಗೆ ಬಂದು, ಗಂಡಸರನ್ನು ಕೇಳದೆ, ಒಲೆಯ ಮುಂದೆ ಯಾರಿದ್ದಾರೆ, ಹಿತ್ತಲಲ್ಲಿ ಯಾರಿದ್ದಾರೆ, ತವರಿಗೆ ಬಂದವರು ಯಾರು ಎಂದು ಹೆಂಗಸರನ್ನು ಕೇಳಿ ಬರೆದುಕೊಂಡರು. ನಾನು ಬಿಟ್ಟ ತಲೆ ನನ್ನ ಮನೆಯದೊಂದೇ ಅಲ್ಲ. ಎರಡು ವಾಡೆಗಳಲ್ಲಿ ಹನ್ನೊಂದು ಮಂದಿ ಸಿಕ್ಕರು, ಹೆಚ್ಚಿನವರು ಅತ್ಯಾನಂಥವರೇ. ಅವರಲ್ಲಿ ಒಬ್ಬಿಬ್ಬರು ನಿಜಕ್ಕೂ ಬಾಟಲಿ ಔಷಧ ಒಲ್ಲೆ ಎಂದರಂತೆ. ಅವರಿಗೆ ಡಾಕ್ಟರು ಪುಡಿ ಕಟ್ಟಿಕೊಡುತ್ತಿದ್ದರು, ಅವರವರ ಮಡಿನೀರಿನಲ್ಲಿ ಕಲಿಸಿ ಕುಡಿಯಲಿ ಎಂದು. ಇಷ್ಟು ಸುಲಭವಿತ್ತು.

ಎರಡು ವಾಡೆಯ ಆಯದಲ್ಲಿ ಒಬ್ಬ ಡಾಕ್ಟರ ಸಂಸಾರ ನಡೆಯುವುದಿಲ್ಲ. ಹೆಂಡತಿಯ ಬಳೆ ಹೋದವು, ಕಂಪೌಂಡರ್ ಬಿಟ್ಟುಹೋದ, ಇವರೇ ಬಾಟಲಿ ತೊಳೆಯುತ್ತ ಕೂತರು. ಊರಲ್ಲಿದ್ದ ಹೊಲ ಮಾರಿದರೆಂದು ಆಮೇಲೆ ತಿಳಿಯಿತು. ಇಪ್ಪತ್ತು ವರ್ಷ ಹೀಗೇ ನಡೆಸಿದರು. ಆ ಇಪ್ಪತ್ತು ವರ್ಷದಲ್ಲಿ ಅವರ ಕೈಯಲ್ಲಿ ಎಷ್ಟೋ ಜನ ಸತ್ತರು, ಡಾಕ್ಟರ ಕೈಯಲ್ಲಿ ಸಾಯುವಂತೆಯೇ. ಕೇಳದೆ ಬಿಟ್ಟು ಸಾಯಿಸಿದ್ದು ಮಾತ್ರ ನಾನು ಕಾಣೆ.

ಈ ಸಲದ ಚಳಿಗಾಲದಲ್ಲಿ ಅವರ ಎದೆ ಸೋತಿತು. ಕಾಲು ಬಾತು, ಮಲಗಲು ಆಗದೆ ದಿಂಬಿಗೆ ಒರಗಿ ಕೂತಿರುತ್ತಿದ್ದರು. ನಾನು ಭಾನುವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ಮಧ್ಯಾಹ್ನ, ಮನೆಯಲ್ಲಿ ಅವರೊಬ್ಬರೇ ಇದ್ದರು. ಇನ್ನು ಹೆಚ್ಚು ದಿನವಿಲ್ಲವೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಇಷ್ಟು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಈಗ ಹೇಳದಿದ್ದರೆ ಇನ್ನು ಹೇಳುವುದಕ್ಕೆ ಯಾರೂ ಇರುವುದಿಲ್ಲ ಎನಿಸಿತು. ಅತ್ಯಾ ಯಾವ ಆಣೆಯನ್ನೂ ಇಟ್ಟಿರಲಿಲ್ಲ ಎಂದೆ. ಬಾಟಲಿ ಔಷಧ ಒಲ್ಲೆಯಾ ಎಂದು ನಾನು ಅವಳನ್ನು ಕೇಳಿಯೇ ಇರಲಿಲ್ಲ, ನಿಮಗೆ ತೋರಿಸಬೇಕೆಂದು ಬಾಗಿಲ ತನಕ ಬಂದು ಬಂದು ಹೋಗುತ್ತಿದ್ದಳಂತೆ ಎಂದೆ. ಟಾಂಗಾದ ಮಾತನ್ನೂ ಹೇಳಿದೆ. ಹೇಳುತ್ತ ಹೇಳುತ್ತ ನನಗೆ ಹಗುರಾಗುತ್ತ ಬಂತು. ಕಣ್ಣಲ್ಲಿ ನೀರೂ ಬಂತು. ಅವರು ನನ್ನ ಕೈ ಹಿಡಿದಾರು, ಹೋಗಲಿ ಬಿಡು ಎಂದಾರು ಎಂದುಕೊಂಡಿದ್ದೆ.

ಅವರು ಉಸಿರು ಕೂಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು.

"ಇಪ್ಪತ್ತು ವರ್ಷ ಆ ಒಂದು ಮಾತು ಹಿಡಕೊಂಡು ನಿದ್ದಿ ಮಾಡೀನಿ, ತಮ್ಮಾ. ಕೇಳಿದ್ರೂ ಆಕಿ ತೋರಸ್ತಿದ್ದಿಲ್ಲ ಅಂತ. ಈಗ ಯಾಕ ಕಸಗೊಂಡಿ?"

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನಾನು ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ. ಆಮೇಲೆ ಅವರು ನಾಲ್ಕು ದಿನ ಬದುಕಿದ್ದರು. ನಾಲ್ಕೂ ರಾತ್ರಿ ಕಣ್ಣು ಮುಚ್ಚಲಿಲ್ಲವೆಂದು ಅವರ ಹೆಂಡತಿ ಹೇಳಿದರು.